'ಕರೆಂಟ್' ಅಂದರೆ ಕರೆಂಟ್ ಅಲ್ಲ: ವಿಕಿರಣ ಜೀವಕೋಶಗಳಿಗೆ ಮಾಡುವುದೇನು?

ಕಾಸರಗೋಡು: "ಅವರಿಗೆ ಈಗ ಕರೆಂಟ್ ಕೊಡುತ್ತಿದ್ದಾರಂತೆ." ಗಡಿನಾಡಿನ ಯಾವುದೇ ಹಳ್ಳಿಯ ಬಸ್ ನಿಲ್ದಾಣದಲ್ಲಿ ಈ ಮಾತು ಕಿವಿಗೆ ಬಿದ್ದರೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೋ ಕ್ಯಾನ್ಸರ್ ಬಂದಿದೆ, ಮಂಗಳೂರಿನಲ್ಲೋ ಮಣಿಪಾಲದಲ್ಲೋ ತಲಶ್ಶೇರಿಯಲ್ಲೋ ತಿರುವನಂತಪುರದಲ್ಲೋ ವಿಕಿರಣ ಚಿಕಿತ್ಸೆ ನಡೆಯುತ್ತಿದೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಕನ್ನಡದವರಷ್ಟೇ ಅಲ್ಲ, ಮಲಯಾಳ ಮತ್ತು ತಮಿಳು ಮಾತನಾಡುವವರೂ ಈ ಚಿಕಿತ್ಸೆಯನ್ನು ಕರೆಂಟ್ ಎಂದೇ ಕರೆಯುತ್ತಾರೆ. ಮೂರು ಭಾಷೆಯವರು ಜಗಳವಿಲ್ಲದೆ ಒಪ್ಪಿಕೊಂಡ ಅಪರೂಪದ ವಿಷಯವಿದು. ಆದರೆ ಮೂವರೂ ಹೇಳುವುದು ತಪ್ಪು!

ಹೆಸರು ತಪ್ಪಾದರೆ ಏನಾಯಿತು ಎನ್ನಬಹುದು. ತೊಂದರೆ ಇರುವುದು ಹೆಸರಿನ ಜತೆಗೆ ಬರುವ ಕಲ್ಪನೆಯಲ್ಲಿ. ಬಾಯಿಯ ಕ್ಯಾನ್ಸರ್ ಬಂದವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎಲೆಯಡಿಕೆಯ ಜತೆ ಹೊಗೆಸೊಪ್ಪು ಹಾಕುವವರು ಹೆಚ್ಚಿರುವ ಈ ಭಾಗಕ್ಕೆ ಅದು ಅಪರಿಚಿತ ರೋಗವೇನಲ್ಲ. ಚಿಕಿತ್ಸೆ ಶುರುವಾದ ಮೊದಲ ದಿನಗಳಲ್ಲಿ ರೋಗಿಗೆ ಏನೂ ಅನ್ನಿಸುವುದಿಲ್ಲ. ಮೇಜಿನ ಮೇಲೆ ಮಲಗುವುದು, ಕೆಲವು ನಿಮಿಷ ಅಲುಗಾಡದೆ ಇರುವುದು, ಎದ್ದು ಬರುವುದು. "ಇಷ್ಟೇನಾ?" ಎಂದು ಧೈರ್ಯ ಬರುತ್ತದೆ. ಎರಡನೆಯ, ಮೂರನೆಯ ವಾರದಲ್ಲಿ ಬಾಯೊಳಗೆ ಹುಣ್ಣು ಏಳುತ್ತದೆ. ಕೆನ್ನೆಯ ಚರ್ಮ ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಗಂಜಿ ನುಂಗುವುದೂ ಕಷ್ಟವಾಗುತ್ತದೆ. ಆಗ ನೆಂಟರಿಷ್ಟರ ಸಲಹೆ ಆರಂಭ: "ಮೈ ಸುಟ್ಟು ಹೋಗ್ತಾ ಉಂಟು, ಇನ್ನು ಸಾಕು ಮಾಡಿ ಮಾವ, ಬೇರೆ ಮದ್ದು ನೋಡುವ." ಬಸ್ಸಿನ ದೂರ, ಕೂಲಿ ನಷ್ಟ, ಖರ್ಚು ಎಲ್ಲವೂ ಸೇರಿ ಅರ್ಧಕ್ಕೆ ಚಿಕಿತ್ಸೆ ನಿಲ್ಲಿಸುವವರೂ ಇದ್ದಾರೆ, ಒಂದೆರಡು ವಾರ ಸುಧಾರಿಸಿಕೊಂಡು ಮತ್ತೆ ಹೋದರಾಯಿತು ಎನ್ನುವವರೂ ಇದ್ದಾರೆ.

ಈ ಸುಡುವಿಕೆ ಯಾಕೆ ಬರುತ್ತದೆ, ಮೂವತ್ತಕ್ಕೂ ಹೆಚ್ಚು ದಿನ ಯಾಕೆ ಅಲೆಯಬೇಕು, ನಡುವೆ ಬಿಟ್ಟರೆ ಆಗುವುದೇನು ಎಂಬ ಪ್ರಶ್ನೆಗಳಿಗೆ ಉತ್ತರ ನಮ್ಮ ದೇಹದ ಜೀವಕೋಶದೊಳಗೇ ಇದೆ.

ಬಿಸಿಯಲ್ಲ, ವಿದ್ಯುತ್ತೂ ಅಲ್ಲ

1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್-ರೇಯನ್ನು ಕಂಡುಹಿಡಿದರು. ವಿಕಿರಣ ಚಿಕಿತ್ಸೆಯ ಯಂತ್ರದಿಂದ ಬರುವುದೂ ಅದೇ ಜಾತಿಯ, ಆದರೆ ಬಹಳ ಹೆಚ್ಚು ಶಕ್ತಿಯ ಕಿರಣ. ಯಂತ್ರ ನಡೆಯುವುದಕ್ಕೆ ವಿದ್ಯುತ್ ಬೇಕು ನಿಜ, ಆದರೆ ರೋಗಿಯ ಮೈಯೊಳಗೆ ವಿದ್ಯುತ್ ಹರಿಸುವುದಿಲ್ಲ. ಶಾಕ್ ಹೊಡೆಯುವ ಪ್ರಶ್ನೆಯೇ ಇಲ್ಲ.

ಬೆಳಕು, ರೇಡಿಯೋ ಅಲೆ, ಮೊಬೈಲ್ ಟವರಿನ ಅಲೆ, ಎಕ್ಸ್-ರೇ ಎಲ್ಲವೂ ಒಂದೇ ಕುಟುಂಬದವು. ವ್ಯತ್ಯಾಸ ಇಷ್ಟೆ: ಎಕ್ಸ್-ರೇ, ಗಾಮಾ ಕಿರಣಗಳಿಗೆ ಪರಮಾಣುವಿನಲ್ಲಿರುವ ಎಲೆಕ್ಟ್ರಾನನ್ನು ಕಿತ್ತು ಹೊರಗೆಸೆಯುವ ತಾಕತ್ತು ಇದೆ, ರೇಡಿಯೋ ಅಥವಾ ಮೊಬೈಲ್ ಅಲೆಗೆ ಇಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ ಅಯಾನು ಎಂದು ಹೆಸರು. ಹಾಗಾಗಿ ಇವು ಅಯಾನೀಕರಿಸುವ ವಿಕಿರಣಗಳು. ಪರಮಾಣುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವುದೇ ಎಲೆಕ್ಟ್ರಾನ್‌ಗಳು. ಅವನ್ನು ಕಿತ್ತರೆ ಕಟ್ಟು ಬಿಚ್ಚುತ್ತದೆ.

ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎನ್ನುತ್ತಾರೆ. ಇಡೀ ದೇಹದ ಮೇಲೆ ಒಮ್ಮೆಗೇ 4 ಗ್ರೇ ಬಿದ್ದು, ಚಿಕಿತ್ಸೆ ಸಿಗದೆ ಹೋದರೆ ಸುಮಾರು ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯುತ್ತಾರೆ ಎಂಬುದು ಅಂದಾಜು. ಆದರೆ 70 ಕಿಲೋ ತೂಕದ ಮನುಷ್ಯನಿಗೆ 4 ಗ್ರೇಯಿಂದ ಸಿಗುವ ಒಟ್ಟು ಶಕ್ತಿ ಸುಮಾರು 280 ಜೂಲ್. ಒಂದು ಚಮಚಕ್ಕೂ ಕಡಿಮೆ ಬಿಸಿ ಚಹಾ ಕುಡಿದರೆ ಮೈಗೆ ಸಿಗುವ ಶಾಖ ಅಷ್ಟೇ! ಮೈಯ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಏರೀತು. ಅಂದಮೇಲೆ ಕೊಲ್ಲುವುದು ಶಾಖವಲ್ಲ. ಕೆನ್ನೆಯ ಚರ್ಮ ಕಪ್ಪಾಗುವುದೂ ಬೆಂಕಿ ತಾಗಿದ ಸುಟ್ಟಗಾಯದ ಹಾಗಲ್ಲ. ಬಿಸಿ ಚಹಾದ ಶಾಖ ಮೈಯೆಲ್ಲ ಹರಡಿ ಹೋಗುತ್ತದೆ. ವಿಕಿರಣ ಅದೇ ಶಕ್ತಿಯನ್ನು ಸಣ್ಣ ಸಣ್ಣ ಗುಂಡುಗಳ ಹಾಗೆ, ಬಹಳ ಇಕ್ಕಟ್ಟಾದ ಜಾಗಗಳಲ್ಲಿ ಇಳಿಸುತ್ತದೆ.

ಹರಿದ ಆಧಾರಪತ್ರ

ಆ ಗುಂಡು ಎಲ್ಲಿ ಬಿದ್ದರೆ ಅಪಾಯ? ಜೀವಕೋಶದ ಗೋಡೆಗೋ ಒಳಗಿನ ಇತರ ಭಾಗಗಳಿಗೋ ಬಿದ್ದರೆ ಅಷ್ಟಾಗಿ ತೊಂದರೆಯಿಲ್ಲ, ಅಂಥವು ಬೇಕಾದಷ್ಟಿವೆ, ಹೊಸದು ತಯಾರಾಗುತ್ತದೆ. ಪೆಟ್ಟು ಬೀಳಬಾರದ ಜಾಗ ನಡುವಿನ ಕೋಶಕೇಂದ್ರದಲ್ಲಿರುವ ಡಿ.ಎನ್.ಎ. ಮಾಡು ಹಾರಿಹೋದರೆ ಹೊಸ ಹಂಚು ಹೊದಿಸಬಹುದು, ಜಾಗದ ಆಧಾರಪತ್ರವೇ ಹರಿದು ಹೋದರೆ ಕಥೆ ಬೇರೆ. ಡಿ.ಎನ್.ಎ. ಅಂಥ ಆಧಾರಪತ್ರ. ಜೀವಕೋಶ ಏನು ಮಾಡಬೇಕು, ಯಾವಾಗ ಎರಡಾಗಿ ಒಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ.

ಕಿರಣ ನೇರವಾಗಿ ಬಂದು ಡಿ.ಎನ್.ಎ.ಗೆ ಬಡಿಯಬೇಕೆಂದೇನೂ ಇಲ್ಲ. ಜೀವಕೋಶದಲ್ಲಿ ಬಹುಪಾಲು ನೀರು. ಕಿರಣ ನೀರಿನ ಕಣವನ್ನು ಒಡೆದಾಗ ಹೈಡ್ರಾಕ್ಸಿಲ್ ಎಂಬ ಚೂರು ಹುಟ್ಟುತ್ತದೆ. ಅದರ ಆಯುಸ್ಸು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಆದರೆ ಅಷ್ಟರಲ್ಲೇ ಪಕ್ಕದಲ್ಲಿ ಸಿಕ್ಕಿದ್ದನ್ನು ಕಚ್ಚಿ ಹಾಳು ಮಾಡುತ್ತದೆ. ಎಕ್ಸ್-ರೇಯಿಂದ ಡಿ.ಎನ್.ಎ.ಗೆ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕವೇ ಆಗುವಂಥದ್ದು.

ಡಿ.ಎನ್.ಎ.ಗೆ ಎರಡು ಎಳೆಗಳಿವೆ. ಒಂದರಲ್ಲಿ ಬರೆದದ್ದಕ್ಕೆ ಇನ್ನೊಂದು ಸರಿಜೋಡಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದ್ದಂತೆ. ಒಂದು ಎಳೆ ಮಾತ್ರ ಮುರಿದರೆ ಎದುರಿನ ಎಳೆಯನ್ನು ನೋಡಿ ಜೀವಕೋಶ ಸರಿಮಾಡಿಕೊಳ್ಳುತ್ತದೆ. ಇದು ಅದಕ್ಕೆ ದಿನನಿತ್ಯದ ಕೆಲಸ. ವಿಕಿರಣ ಇಲ್ಲದೆಯೂ ಪ್ರತಿಯೊಂದು ಜೀವಕೋಶದಲ್ಲಿ ದಿನಕ್ಕೆ ಸಾವಿರಾರು ಇಂಥ ಹಾನಿಗಳಾಗಿ ರಿಪೇರಿಯಾಗುತ್ತಲೇ ಇರುತ್ತವೆ. ಎರಡೂ ಎಳೆಗಳು ಒಂದೇ ಕಡೆ ಮುರಿದರೆ ಮಾತ್ರ ಕಷ್ಟ, ನೋಡಿ ಬರೆಯಲು ಪ್ರತಿಯೇ ಇಲ್ಲ. 1 ಗ್ರೇ ವಿಕಿರಣ ಬಿದ್ದ ಒಂದು ಜೀವಕೋಶದಲ್ಲಿ ಒಂಟಿ ಎಳೆಯ ಮುರಿತಗಳು ಸುಮಾರು ಒಂದು ಸಾವಿರ ಆಗುತ್ತವೆ, ಜೋಡಿ ಮುರಿತಗಳು ಸುಮಾರು 40. ಜೀವಕೋಶದ ಹಣೆಬರಹ ತೀರ್ಮಾನವಾಗುವುದು ಆ 40ರಲ್ಲಿ, ಸಾವಿರದಲ್ಲಿ ಅಲ್ಲ.

ಜೋಡಿ ಮುರಿತಕ್ಕೂ ರಿಪೇರಿ ಇದೆ. ತುದಿಗಳನ್ನು ಹೇಗೋ ಹಿಡಿದು ಜೋಡಿಸಿ ಅಂಟಿಸುವುದು ಒಂದು ವಿಧಾನ. ಬೇಗ ಆಗುತ್ತದೆ, ಆದರೆ ಒಂದೆರಡು ಅಕ್ಷರ ತಪ್ಪಬಹುದು, ಒಂದು ಕಡೆಯ ತುದಿ ಇನ್ನೊಂದು ಕಡೆಗೆ ಅಂಟಬಹುದು. ಕೋಶ ಎರಡಾಗಲು ಸಿದ್ಧವಾಗಿ ತನ್ನ ಡಿ.ಎನ್.ಎ.ಯ ನಕಲು ಮಾಡಿಕೊಂಡಿದ್ದರೆ ಆ ನಕಲನ್ನು ನೋಡಿ ಸರಿಯಾಗಿ ತಿದ್ದುವುದು ಇನ್ನೊಂದು ವಿಧಾನ. ಈ ಕೆಲಸ ಮುಗಿಯಲು ಕೆಲವು ಗಂಟೆಗಳು ಬೇಕು. ಈ "ಕೆಲವು ಗಂಟೆ" ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ರಿಪೇರಿ ಸರಿಯಾಗಿ ಆದರೆ ಕೋಶ ಬದುಕುತ್ತದೆ, ಏನೂ ಆಗಿಲ್ಲದಂತೆ. ಆಗದಿದ್ದರೆ ಸಾಯುತ್ತದೆ. ಆದರೆ ಹೆಚ್ಚಿನ ಕೋಶಗಳು ಸಾಯುವುದು ಪೆಟ್ಟು ಬಿದ್ದ ಕ್ಷಣದಲ್ಲಿ ಅಲ್ಲ, ಎರಡಾಗಿ ಒಡೆಯಲು ಹೊರಟಾಗ. ಹರಿದ ಪತ್ರ ಪೆಟ್ಟಿಗೆಯಲ್ಲಿ ಇರುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ, ಜಾಗ ಪಾಲು ಮಾಡಲು ಹೊರಟ ದಿನವೇ ಬಣ್ಣ ಬಯಲಾಗುವುದು. ಮೂರನೆಯ ಸಾಧ್ಯತೆಯೂ ಇದೆ: ತಪ್ಪು ರಿಪೇರಿಯೊಂದಿಗೇ ಕೋಶ ಬದುಕಿ ಉಳಿಯುವುದು. 1927ರಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳ ಮೇಲೆ ಎಕ್ಸ್-ರೇ ಹಾಯಿಸಿ, ಮುಂದಿನ ಪೀಳಿಗೆಗಳಲ್ಲಿ ಹೊಸ ಬದಲಾವಣೆಗಳು ಕಾಣಿಸುವುದನ್ನು ತೋರಿಸಿದರು. 1946ರಲ್ಲಿ ಅವರಿಗೆ ನೊಬೆಲ್ ಬಂತು. ವಿಕಿರಣದಿಂದ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಹುಟ್ಟುವುದಿದ್ದರೆ ಇಂಥ ತಪ್ಪು ರಿಪೇರಿಯಿಂದಲೇ.

ಎಲ್ಲ ಕೋಶಗಳೂ ಒಂದೇ ಅಲ್ಲ

ಕೋಶ ಒಡೆಯುವಾಗ ಸಾಯುತ್ತದೆ ಎಂದಾದರೆ, ಬೇಗ ಬೇಗ ಒಡೆಯುವ ಕೋಶಗಳಿಗೆ ವಿಕಿರಣದ ಪೆಟ್ಟು ಬೇಗ ಕಾಣಿಸಬೇಕಲ್ಲವೇ? ಹಾಗೆಯೇ ಆಗುತ್ತದೆ. 1906ರಲ್ಲಿ ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೊಂಡೊ ಎಂಬಿಬ್ಬರು ವೈದ್ಯರು ಇದನ್ನು ನಿಯಮವಾಗಿಯೇ ಹೇಳಿದರು. ಗದ್ದೆಗೆ ಉಪ್ಪುನೀರು ನುಗ್ಗಿದರೆ ನೇಜಿ ಎರಡು ದಿನದಲ್ಲಿ ಬಾಡುತ್ತದೆ, ಬದುವಿನ ಮೇಲಿರುವ ತೆಂಗಿನ ಮರಕ್ಕೆ ಅದರ ಪರಿಣಾಮ ಗೊತ್ತಾಗುವುದು ಎಷ್ಟೋ ಕಾಲದ ನಂತರ.

ನಮ್ಮ ದೇಹದ ನೇಜಿಗಳು ಯಾವುವು? ಎಲುಬಿನೊಳಗೆ ರಕ್ತ ತಯಾರಿಸುವ ಮಜ್ಜೆ, ಕರುಳಿನ ಒಳಪದರ, ಬಾಯಿಯ ಒಳಪದರ, ಚರ್ಮದ ಕೆಳಪದರ, ಕೂದಲಿನ ಬುಡ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ, ಚರ್ಮಕ್ಕೆ ವಾರಗಳು ಬೇಕು. ನರ ಮತ್ತು ಸ್ನಾಯುಗಳು ತೆಂಗಿನ ಮರಗಳ ಸಾಲಿಗೆ ಸೇರಿದವು. ನಿಯಮಕ್ಕೆ ಒಂದು ಅಪವಾದವೂ ಇದೆ, ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿಕಣ. ಅದು ಒಡೆಯದೆ ಸುಮ್ಮನಿದ್ದರೂ ವಿಕಿರಣಕ್ಕೆ ಎಲ್ಲರಿಗಿಂತ ಮೊದಲು ಸಾಯುತ್ತದೆ. ವಿಕಿರಣದ ಅಪಘಾತವಾದಾಗ ವೈದ್ಯರು ಮೊದಲು ಎಣಿಸುವುದು ಅದನ್ನೇ.

ಬಾಯಿಯ ಕ್ಯಾನ್ಸರ್ ರೋಗಿಗೆ ಹುಣ್ಣು ಏಳುವುದು ಮೊದಲ ದಿನವಲ್ಲ, ಎರಡು ವಾರ ಕಳೆದ ಮೇಲೆ ಯಾಕೆ ಎಂಬುದು ಈಗ ಅರ್ಥವಾದೀತು. ಮೇಲಿನ ಪದರದ ಹಳೆಯ ಕೋಶಗಳು ತಮ್ಮ ಆಯುಸ್ಸು ಮುಗಿಯುವ ತನಕ ಇರುತ್ತವೆ. ಅವು ಉದುರಿದಾಗ ಕೆಳಗಿನಿಂದ ಬರಬೇಕಾದ ಹೊಸವು ಬಂದಿರುವುದಿಲ್ಲ, ಪದರ ತೆಳ್ಳಗಾಗಿ ಹುಣ್ಣಾಗುತ್ತದೆ. ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ. ಕೆನ್ನೆಗೆ ಕಿರಣ ಕೊಟ್ಟರೆ ಗಡ್ಡ ಹೋಗಬಹುದು, ತಲೆ ಬೋಳಾಗುವುದಿಲ್ಲ.

ಮಾಯಾಪುರಿಯ ಗುಜರಿ ಅಂಗಡಿ

ಈ ತಡವಾಗಿ ಕಾಣುವ ಗುಣವೇ ವಿಕಿರಣವನ್ನು ಮೋಸಗಾರನನ್ನಾಗಿ ಮಾಡಿದೆ. 2010ರಲ್ಲಿ ದೆಹಲಿಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರ ನಂತರ ಬಳಸದೆ ಇಟ್ಟಿದ್ದ ಒಂದು ಯಂತ್ರವನ್ನು ಆ ವರ್ಷ ಹರಾಜಿನಲ್ಲಿ ಮಾರಲಾಯಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹವಿತ್ತು. ಯಂತ್ರ ಮಾಯಾಪುರಿಯ ಗುಜರಿ ಅಂಗಡಿಗಳನ್ನು ಸೇರಿತು. ಅಲ್ಲಿನ ಕೆಲಸಗಾರರು ಎಂದಿನಂತೆ ಬಿಚ್ಚಿದರು, ಕಡಿದರು. ಹೊಳೆಯುವ ಲೋಹದ ಚೂರುಗಳು ಕೈಯಿಂದ ಕೈಗೆ ಹೋದವು.

ಆ ಲೋಹ ಸುಡುವುದಿಲ್ಲ, ವಾಸನೆಯಿಲ್ಲ. ಹೆಚ್ಚು ಪ್ರಮಾಣದಲ್ಲಿ ವಿಕಿರಣ ತಾಗಿದವರಿಗೆ ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಸುಸ್ತು ಬರುತ್ತದೆ. ಅಜೀರ್ಣ ಎಂದುಕೊಳ್ಳುತ್ತಾರೆ. ಆಮೇಲೆ ಒಂದೆರಡು ವಾರ ಆರಾಮ, ವಾಸಿಯಾಯಿತು ಎನಿಸುತ್ತದೆ. ನಿಜವಾಗಿ ಆ ಅವಧಿಯಲ್ಲಿ ಮಜ್ಜೆಯ ಕಾರ್ಖಾನೆ ಬಾಗಿಲು ಹಾಕಿರುತ್ತದೆ, ಉಗ್ರಾಣದಲ್ಲಿದ್ದ ಹಳೆಯ ರಕ್ತಕಣಗಳ ಮೇಲೆ ಜೀವನ ನಡೆದಿರುತ್ತದೆ. ಉಗ್ರಾಣ ಖಾಲಿಯಾದಾಗ ಸೋಂಕು, ರಕ್ತಸ್ರಾವ ಎಲ್ಲ ಒಟ್ಟಿಗೆ ಬರುತ್ತವೆ. ಮಾಯಾಪುರಿಯಲ್ಲಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಕೆಲಸಗಾರ ಏಪ್ರಿಲ್ ಕೊನೆಯಲ್ಲಿ ತೀರಿಕೊಂಡ. ಗುಜರಿ ವ್ಯಾಪಾರಕ್ಕೆ ಹೋಗುವವರು ನಮ್ಮೂರುಗಳಲ್ಲೂ ಇದ್ದಾರೆ. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಗುರುತು ಇರುವ, ಗಾತ್ರಕ್ಕೆ ಮೀರಿದ ಭಾರದ ಸೀಸದ ಪೆಟ್ಟಿಗೆ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ದಾರಿ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬೇಕು. ಇಡೀ ಮೈಗೆ 4 ಗ್ರೇ ಬಿದ್ದರೆ ಜೀವಕ್ಕೇ ಅಪಾಯ ಎಂದಾದರೆ, ಬಾಯಿಯ ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯಲ್ಲಿ ಕೊಡುವುದು ಒಟ್ಟು 60ರಿಂದ 70 ಗ್ರೇ. ಅವರು ಹೇಗೆ ಬದುಕುತ್ತಾರೆ?

ಕಾರಣ ಎರಡು. ಮೊದಲನೆಯದು ಸುಲಭ: ಕಿರಣ ಬೀಳುವುದು ಒಂದು ಸಣ್ಣ ಜಾಗದ ಮೇಲೆ. ಮಜ್ಜೆಯ ಬಹುಭಾಗ, ಕರುಳು ಎಲ್ಲ ಅದರ ದಾರಿಯಿಂದ ಹೊರಗೆ. ಎರಡನೆಯ ಕಾರಣವನ್ನು ಕಲಿಸಿಕೊಟ್ಟದ್ದು ಟಗರುಗಳು.

ಪ್ಯಾರಿಸ್ಸಿನ ಟಗರುಗಳು

1920ರ ದಶಕದಲ್ಲಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಕ್ಲೋಡಿಯಸ್ ರೆಗೋ ಎಂಬ ವೈದ್ಯರು ಟಗರುಗಳ ವೃಷಣಕ್ಕೆ ಎಕ್ಸ್-ರೇ ಹಾಯಿಸಿ ಪ್ರಯೋಗ ನಡೆಸಿದರು. ಬೀಜೋತ್ಪತ್ತಿ ನಿಲ್ಲಿಸುವಷ್ಟು ಕಿರಣವನ್ನು ಒಂದೇ ಸಲಕ್ಕೆ ಕೊಟ್ಟರೆ ಮೇಲಿನ ಚರ್ಮ ಕೊಳೆತು ಹೋಗುತ್ತಿತ್ತು. ಆದರೆ ಅದನ್ನೇ ಸಣ್ಣ ಸಣ್ಣ ಪಾಲು ಮಾಡಿ ಕೆಲವು ವಾರಗಳ ಕಾಲ ಕೊಟ್ಟಾಗ ಟಗರು ಬೀಜವಿಲ್ಲದ್ದಾಯಿತು, ಚರ್ಮಕ್ಕೆ ಹೆಚ್ಚೇನೂ ಆಗಲಿಲ್ಲ. ಸದಾ ಒಡೆಯುತ್ತಲೇ ಇರುವ ಬೀಜಕೋಶಗಳನ್ನು ಕ್ಯಾನ್ಸರ್ ಗಡ್ಡೆ ಎಂದುಕೊಳ್ಳಿ, ಚರ್ಮವನ್ನು ಅದರ ಸುತ್ತಲಿನ ಒಳ್ಳೆಯ ಅಂಗಾಂಶ ಎಂದುಕೊಳ್ಳಿ. ಕ್ಯಾನ್ಸರಿಗೂ ಹೀಗೆ ಪಾಲು ಮಾಡಿ ಕೊಟ್ಟರೆ? ಇಂದು ಮಂಗಳೂರಿನಲ್ಲಿ ಸಾಲಿನಲ್ಲಿ ಕೂತಿರುವ ರೋಗಿಯ ಕೈಯಲ್ಲಿರುವ "33 ದಿನ" ಎಂಬ ಚೀಟಿಯ ಮೂಲ ಆ ಟಗರುಗಳಲ್ಲಿದೆ.

ಸಾಮಾನ್ಯ ಪದ್ಧತಿಯಲ್ಲಿ ದಿನಕ್ಕೆ ಸುಮಾರು 2 ಗ್ರೇಯಂತೆ ವಾರಕ್ಕೆ ಐದು ದಿನ ಕೊಡುತ್ತಾರೆ. ಈ ಎರಡು ಪಾಲುಗಳ ನಡುವಿನ ಬಿಡುವಿನಲ್ಲೇ ಮೊದಲು ಹೇಳಿದ "ಕೆಲವು ಗಂಟೆ"ಯ ಕೆಲಸ ನಡೆಯುವುದು. ಒಳ್ಳೆಯ ಕೋಶಗಳು ಮರುದಿನದೊಳಗೆ ತಮ್ಮ ಮುರಿತಗಳನ್ನು ಬಹುಮಟ್ಟಿಗೆ ಸರಿಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳ ರಿಪೇರಿ ವ್ಯವಸ್ಥೆ ಸಾಮಾನ್ಯವಾಗಿ ಕೆಟ್ಟಿರುತ್ತದೆ, ರಿಪೇರಿಗೆ ಕಾಯುವ ತಾಳ್ಮೆಯೂ ಅವುಗಳಿಗಿಲ್ಲ, ಹರಿದ ಪತ್ರ ಹಿಡಿದುಕೊಂಡೇ ಎರಡಾಗಲು ಹೊರಡುತ್ತವೆ. ಪ್ರತಿದಿನ ಈ ಸಣ್ಣ ವ್ಯತ್ಯಾಸ. ಮೂವತ್ತು ದಿನ ಸೇರಿದಾಗ ಅದು ದೊಡ್ಡದಾಗುತ್ತದೆ.

ಪಾಲು ಮಾಡುವುದರಿಂದ ಇನ್ನೊಂದು ಉಪಕಾರವಿದೆ. ವಿಕಿರಣದ ಪೆಟ್ಟು ಗಟ್ಟಿಯಾಗಿ ಕೂರಬೇಕಾದರೆ ಆಮ್ಲಜನಕ ಬೇಕು. ಆಮ್ಲಜನಕ ಚೆನ್ನಾಗಿ ಸಿಗುವ ಕೋಶ ಸಿಗದ ಕೋಶಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಸುಲಭವಾಗಿ ಸಾಯುತ್ತದೆ. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಅಲ್ಲಿನ ಕೋಶಗಳು ಆಮ್ಲಜನಕವಿಲ್ಲದೆಯೇ ಬಚಾವಾಗುತ್ತವೆ. ಮೊದಲ ದಿನಗಳಲ್ಲಿ ಹೊರಗಿನವು ಸತ್ತಂತೆ ಒಳಗಿನವಕ್ಕೆ ಆಮ್ಲಜನಕ ತಲುಪುತ್ತದೆ, ಅವು ಮುಂದಿನ ಪಾಲಿಗೆ ಸಿಕ್ಕಿಬೀಳುತ್ತವೆ. ಚಿಕಿತ್ಸೆಯ ದಿನಗಳಲ್ಲಿ ಬೀಡಿ, ಸಿಗರೇಟು ಸೇದಬಾರದು ಎಂದು ವೈದ್ಯರು ಗದರುವುದಕ್ಕೆ ಇದೂ ಒಂದು ಕಾರಣ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಕಿರಣ ಕೊಡಿಸಿಕೊಂಡು ಹೊರಗೆ ಬಂದು ಬೀಡಿ ಹಚ್ಚಿದವನು ತನ್ನ ಗಡ್ಡೆಗೆ ತಾನೇ ಕೊಡೆ ಹಿಡಿದಂತೆ.

ನಾಲ್ಕನೆಯ ವಾರದ ನಂತರ

ಹಾಗಾದರೆ ಬಿಡುವು ಒಳ್ಳೆಯದು, ಹುಣ್ಣು ವಾಸಿಯಾಗಲು ಎರಡು ವಾರ ನಿಲ್ಲಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಗಡಿನಾಡಿನ ರೋಗಿಗಳು ತಪ್ಪುವುದು ಇಲ್ಲೇ.

ಒಂದು ರಾತ್ರಿಯ ಬಿಡುವು ಒಳ್ಳೆಯ ಕೋಶಗಳಿಗೆ ಲಾಭ. ದಿನಗಟ್ಟಲೆ ಬಿಡುವು ಕೊಟ್ಟರೆ ಲಾಭ ಕ್ಯಾನ್ಸರಿಗೆ. ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ಚಿಕಿತ್ಸೆ ಆರಂಭವಾಗಿ ಸುಮಾರು ನಾಲ್ಕು ವಾರಗಳಾದ ಮೇಲೆ, ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಮೇಲಿನ ಕಾಡು ಕಡಿದಾಗ ಬಿಸಿಲು ಕಂಡ ಬುಡದ ಚಿಗುರು ರಭಸದಿಂದ ಏಳುವಂತೆ. ಹುಣ್ಣಿನ ನೋವು ತೀವ್ರವಾಗಿರುವುದೂ, "ಸಾಕು" ಎನ್ನುವ ಸಲಹೆ ಬರುವುದೂ ಸರಿಯಾಗಿ ಅದೇ ಸಮಯಕ್ಕೆ. ತಲೆ-ಕುತ್ತಿಗೆಯ ಕ್ಯಾನ್ಸರ್ ಮತ್ತು ಗರ್ಭಕಂಠದ ಕ್ಯಾನ್ಸರಿನಲ್ಲಿ ಚಿಕಿತ್ಸೆಯ ಅವಧಿ ಒಂದೊಂದು ದಿನ ಉದ್ದವಾದಂತೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆ ಎಂಬುದು ಹಲವು ಅಧ್ಯಯನಗಳ ಲೆಕ್ಕ. ಹದಿನೈದು ದಿನದ ವಿಶ್ರಾಂತಿಯ ಬೆಲೆಯನ್ನು ಓದುಗರೇ ಗುಣಿಸಿಕೊಳ್ಳಬಹುದು. ಗರ್ಭಕಂಠದ ಕ್ಯಾನ್ಸರಿಗೆ ಹೊರಗಿನ ಕಿರಣ, ಒಳಗಿನ ಕಿರಣ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಹಬ್ಬ, ಮದುವೆ, ಯಂತ್ರ ಕೆಟ್ಟು ನಿಂತದ್ದು, ಇವೆಲ್ಲ ಸಾಲದು ಎಂಬಂತೆ ನಮ್ಮ ಭಾಗದಲ್ಲಿ ಹರತಾಳ ಬೇರೆ. ಅನಿವಾರ್ಯವಾಗಿ ಒಂದು ದಿನ ತಪ್ಪಿದರೆ ಕೈಚೆಲ್ಲಬೇಕಾಗಿಲ್ಲ. ಕೂಡಲೇ ಆಸ್ಪತ್ರೆಗೆ ತಿಳಿಸಿದರೆ ಶನಿವಾರ ಕರೆಯಬಹುದು, ಅಥವಾ ಒಂದೇ ದಿನ ಎರಡು ಸಲ ಕೊಡಬಹುದು. ಎರಡು ಸಲದ ನಡುವೆ ಕನಿಷ್ಠ ಆರು ಗಂಟೆ ಅಂತರ ಇಡುತ್ತಾರೆ, ಒಳ್ಳೆಯ ಕೋಶಗಳ ರಿಪೇರಿಗೆ ಅಷ್ಟಾದರೂ ಸಮಯ ಬೇಕಲ್ಲ.

ಪಕ್ಕದ ಮನೆಯವರ ಚೀಟಿಗೆ ತಮ್ಮ ಚೀಟಿಯನ್ನು ಹೋಲಿಸಿ ನೋಡುವ ಅಭ್ಯಾಸವೂ ಬೇಡ. ಸ್ತನ ಕ್ಯಾನ್ಸರಿಗೆ ಈಗ ಅನೇಕ ಕಡೆ ಪ್ರತಿ ಸಲದ ಪ್ರಮಾಣ ಸ್ವಲ್ಪ ಹೆಚ್ಚಿಸಿ 15 ಸಲದಲ್ಲೇ ಮುಗಿಸುತ್ತಾರೆ. "ಅಕ್ಕನಿಗೆ ಮೂರೇ ವಾರ, ನನಗೆ ಯಾಕೆ ಏಳು ವಾರ" ಎಂಬುದಕ್ಕೆ ಉತ್ತರ, ಯಾವ ಅಂಗ, ಯಾವ ಬಗೆಯ ಗಡ್ಡೆ ಎಂಬುದರ ಮೇಲೆ ನಿಂತಿದೆ.

ವಾಸಿಯಾಗುವುದು, ಉಳಿದುಹೋಗುವುದು

ಬಾಯಿ ಹುಣ್ಣು, ಚರ್ಮ ಸುಲಿಯುವುದು ಇವೆಲ್ಲ ನೇಜಿಯ ಕಷ್ಟಗಳು. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಕೆಳಪದರದಿಂದ ಹೊಸ ಕೋಶ ಬಂದು ವಾಸಿಯಾಗುತ್ತವೆ. ಇವನ್ನು ಕಂಡು ಹೆದರುವವರು ಹೆಚ್ಚು. ಆದರೆ ವೈದ್ಯರು ಹೆಚ್ಚು ಯೋಚಿಸುವುದು ತೆಂಗಿನ ಮರದ ಕಷ್ಟಗಳ ಬಗ್ಗೆ, ತಿಂಗಳು, ವರ್ಷಗಳ ನಂತರ ಕಾಣುವ ಪರಿಣಾಮಗಳ ಬಗ್ಗೆ. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಮೆತ್ತಗಿದ್ದ ಅಂಗಾಂಶ ನಾರಿನಂತೆ ಗಟ್ಟಿಯಾಗುತ್ತದೆ. ಬಾಯಿ ಪೂರ್ತಿ ತೆರೆಯಲು ಆಗದಿರಬಹುದು. ಜೊಲ್ಲಿನ ಗ್ರಂಥಿಗಳು ಬತ್ತಿ ಬಾಯಿ ಒಣಗಿಯೇ ಉಳಿಯಬಹುದು, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ದವಡೆಯ ಎಲುಬಿಗೆ ರಕ್ತ ಕಡಿಮೆಯಾಗಿರುವುದರಿಂದ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಎಲುಬೇ ಸಾಯುವ ಅಪಾಯವಿದೆ. ಆದ್ದರಿಂದಲೇ ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಮೊದಲೇ ಕೀಳುವುದು. ಎಷ್ಟೇ ವರ್ಷ ಕಳೆದರೂ ದಂತವೈದ್ಯರ ಬಳಿ ಹೋದಾಗ "ಈ ಭಾಗಕ್ಕೆ ವಿಕಿರಣ ಕೊಡಿಸಿದ್ದೇನೆ" ಎಂದು ಹೇಳಲೇಬೇಕು. ಕರೆಂಟ್ ಅಂದರೂ ಅವರಿಗೆ ಅರ್ಥವಾದೀತು.

ಮೈಯಲ್ಲಿ ಉಳಿಯುತ್ತದೆಯೇ?

ಎಂಡೋಸಲ್ಫಾನ್ ಕಂಡ ಜಿಲ್ಲೆ ಇದು. ಕಣ್ಣಿಗೆ ಕಾಣದ್ದು ಮೈಸೇರಿ ಮಕ್ಕಳು ಮರಿಗಳ ತನಕ ಕಾಡುತ್ತದೆ ಎಂಬ ಭಯ ಇಲ್ಲಿನವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ವಿಕಿರಣ ಚಿಕಿತ್ಸೆ ಮಾಡಿಸಿಕೊಂಡು ಬಂದ ಅಜ್ಜನ ತಟ್ಟೆ, ಲೋಟ ಬೇರೆ ಇಡುವ ಮನೆಗಳಿರುವುದಕ್ಕೆ ಆ ಭಯವೂ ಕಾರಣವಿರಬಹುದು. ಆದರೆ ಕೀಟನಾಶಕ ಒಂದು ವಸ್ತು, ಮೈಯಲ್ಲಿ ಉಳಿಯಬಲ್ಲದು. ಯಂತ್ರದಿಂದ ಹೊರಗಿನಿಂದ ಕೊಡುವ ಕಿರಣ ಟಾರ್ಚಿನ ಬೆಳಕಿನ ಹಾಗೆ, ಆರಿಸಿದರೆ ಮುಗಿಯಿತು. ರೋಗಿಯ ಮೈಯಿಂದ ಯಾರಿಗೂ ವಿಕಿರಣ ಬರುವುದಿಲ್ಲ. ಅಜ್ಜ ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಗರ್ಭಕಂಠದ ಕ್ಯಾನ್ಸರಿಗೆ ಒಳಗಿಡುವ ವಿಕಿರಣದ ಮೂಲವನ್ನೂ ಸಾಮಾನ್ಯವಾಗಿ ಚಿಕಿತ್ಸೆ ಮುಗಿದೊಡನೆ ಹೊರತೆಗೆಯುತ್ತಾರೆ. ಬೇರೆಯದು ಥೈರಾಯ್ಡ್ ರೋಗಕ್ಕೆ ಕುಡಿಸುವ ವಿಕಿರಣಶೀಲ ಅಯೋಡಿನ್. ಅದು ಕೆಲವು ದಿನ ಮೈಯಲ್ಲೇ ಇರುತ್ತದೆ, ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧವಾಗುತ್ತದೆ. ಅಂಥವರು ಮಕ್ಕಳಿಂದ, ಗರ್ಭಿಣಿಯರಿಂದ ಆಸ್ಪತ್ರೆಯವರು ಹೇಳಿದಷ್ಟು ದಿನ ದೂರ ಇರಲೇಬೇಕು.

ಮಕ್ಕಳ ಮದುವೆಯ ಮಾತು ಬಂದಾಗ ಏಳುವ ಪ್ರಶ್ನೆ ಇನ್ನೊಂದು: ತಾಯಿಗೆ ಕರೆಂಟ್ ಕೊಡಿಸಿದ್ದರಂತೆ, ಆಮೇಲೆ ಹುಟ್ಟಿದವರಿಗೆ ಏನಾದರೂ ಬಂದೀತೇ? 1945ರಲ್ಲಿ ಹಿರೋಶಿಮಾ, ನಾಗಸಾಕಿಯ ಬಾಂಬಿನಿಂದ ಬದುಕಿ ಉಳಿದವರನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅವರಲ್ಲಿ ಮೊದಲ ಹತ್ತು ವರ್ಷದೊಳಗೇ ರಕ್ತದ ಕ್ಯಾನ್ಸರ್, ಅನಂತರ ಇತರ ಕ್ಯಾನ್ಸರುಗಳು ಹೆಚ್ಚಿದ್ದು ನಿಜ. ಆದರೆ ಬಾಂಬಿನ ನಂತರ ಅವರಿಗೆ ಹುಟ್ಟಿದ 75 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದಾಗ ತಂದೆ ತಾಯಿಯ ವಿಕಿರಣದಿಂದ ರೋಗ ಹೆಚ್ಚಿದ ಸುಳಿವು ಕಂಡಿಲ್ಲ. ಹೊಟ್ಟೆಯಲ್ಲಿದ್ದಾಗಲೇ ವಿಕಿರಣ ತಾಗಿದ ಮಕ್ಕಳ ಮಾತು ಬೇರೆ, ಅವರಲ್ಲಿ ಕೆಲವರ ಮಿದುಳಿನ ಬೆಳವಣಿಗೆ ಕುಂಠಿತವಾಯಿತು. ಭ್ರೂಣವೆಂದರೆ ಪೂರ್ತಿ ನೇಜಿಯೇ. ಬಸಿರಿರುವ ಸಂಶಯವಿದ್ದರೆ ಎಕ್ಸ್-ರೇ, ಸಿ.ಟಿ. ಕೋಣೆಗೆ ಹೋಗುವ ಮೊದಲೇ ಹೇಳಬೇಕು ಎಂಬ ಫಲಕ ಹಾಕಿರುವುದು ಅದಕ್ಕೆ.

ಸಣ್ಣ ಪ್ರಮಾಣದ ವಿಷಯಕ್ಕೆ ಬಂದರೆ, ನಾವೆಲ್ಲರೂ ದಿನವೂ ಅದರಲ್ಲೇ ಬದುಕಿದ್ದೇವೆ. ನೆಲ, ಗಾಳಿ, ಆಕಾಶ, ಆಹಾರದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತದೆ. ಎದೆಯ ಒಂದು ಎಕ್ಸ್-ರೇ ಹೆಚ್ಚೆಂದರೆ 0.1. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಎಂಟು ಹತ್ತು ಆಗಬಹುದು, ಅಗತ್ಯವಿಲ್ಲದೆ ಮಾಡಿಸುವಂಥದ್ದಲ್ಲ. ನಮ್ಮದೇ ರಾಜ್ಯದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವ ಮೊನಾಜೈಟ್ ಇದ್ದು, ಕೆಲವು ಕಡೆ ನೆಲದಿಂದ ಬರುವ ವಿಕಿರಣ ಸಾಮಾನ್ಯಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅಲ್ಲಿನ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಒಂದೇ ಸಲಕ್ಕೆ ಬೀಳುವುದಕ್ಕೂ ಹನಿಹನಿಯಾಗಿ ವರ್ಷಗಟ್ಟಲೆ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಟಗರುಗಳು ಆಗಲೇ ತೋರಿಸಿದ್ದವು.

ಚಿಕಿತ್ಸೆಗೆ ಹೊರಟಿರುವವರಿಗೆ ಉಪಯೋಗಕ್ಕೆ ಬರುವ ಒಂದೆರಡು ಮಾತು. ಕ್ಯಾನ್ಸರ್ ರೋಗಿಗೂ ಜತೆಯಲ್ಲಿ ಹೋಗುವ ಒಬ್ಬರಿಗೂ ರೈಲಿನಲ್ಲಿ ದರ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ಪಡೆಯಬೇಕು. ನುಂಗಲು ಕಷ್ಟವಾದಾಗ ಚಿಕಿತ್ಸೆ ನಿಲ್ಲಿಸುವ ಬದಲು ನೋವಿನ ಔಷಧಿ, ಮೂಗಿನ ಮೂಲಕ ಆಹಾರದ ನಳಿಕೆ ಇವುಗಳ ಬಗ್ಗೆ ವೈದ್ಯರನ್ನು ಕೇಳಬೇಕು, ಅದಕ್ಕೆ ನಾಚಿಕೆ ಬೇಡ. ಕಿರಣ ಬೀಳುವ ಚರ್ಮಕ್ಕೆ ಆಸ್ಪತ್ರೆಯವರನ್ನು ಕೇಳದೆ ಎಣ್ಣೆ, ಅರಸಿನ, ಮುಲಾಮು ಹಚ್ಚುವುದಾಗಲಿ ಬಿಸಿ ಶಾಖ ಕೊಡುವುದಾಗಲಿ ಕೂಡದು. ಕಿರಣ ಎಲ್ಲಿ ಬೀಳಬೇಕು ಎಂದು ಗುರುತಿಸಲು ಮೈಮೇಲೆ ಗೆರೆ ಎಳೆದಿದ್ದರೆ ಸ್ನಾನ ಮಾಡುವಾಗ ಉಜ್ಜಬಾರದು. ಗೆರೆ ಮಾಸಿದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಲು ಹೋಗದೆ, ಮರುದಿನ ಮೇಜಿನ ಮೇಲೆ ಮಲಗುವ ಮೊದಲು ಅಲ್ಲಿನವರಿಗೆ ಹೇಳಬೇಕು.